ಕಬ್ಬಿಣಕ್ಕೆ ಮಾರ್ಜಿನ್ ಇಲ್ಲ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಊರ ತುಂಬ ಹೇಳಿಕೊಂಡು ಬಂದಿದ್ದಾರೆ. ಸುಳ್ಳೇನಲ್ಲ ಬಿಡಿ. ಬಸವಕಲ್ಯಾಣದ ಓಣಿಯೊಂದರಲ್ಲಿ ವರ್ಷಗಟ್ಟಲೆ ಬ್ಲೌಸು ಹೊಲಿದವಳು ನಾನು. ನಾಳೆ ಬೆಳಗ್ಗೆ ಮದುವೆ ಇಟ್ಟುಕೊಂಡು ಇವತ್ತು ಸಂಜೆ ಬಟ್ಟೆ ತಂದು ಮಡಿಲಿಗೆ ಹಾಕುವವರ ಜೊತೆ ಬದುಕಿದವಳಿಗೆ ಸಿಟ್ಟಲ್ಲದೆ ಇನ್ನೇನು ಬರಬೇಕು? ಅಂಥ ಸಿಟ್ಟಿನ ಹೆಂಗಸೇ ಹುಮನಾಬಾದಿಗೆ ಹೋಗಿ, ತಲೆಗೂದಲಿಗಿಂತ ಸಣ್ಣ ಅಳತೆಯಲ್ಲಿ ಕಬ್ಬಿಣ ಕತ್ತರಿಸುವ ವಿದ್ಯೆ ಕಲಿತಳು. ಈಗಲೂ ನೆನೆಸಿಕೊಂಡರೆ ಎದ್ದು ಕುಣಿಯಬೇಕು ಅನ್ನಿಸುತ್ತದೆ.

ಎಲ್ಲ ಶುರುವಾಗಿದ್ದು ನನ್ನ ಹೊಲಿಗೆ ಮಷಿನ್ ಕೆಟ್ಟಿದ್ದರಿಂದ. ಅದರೊಳಗಿನ ಒಂದು ಸಣ್ಣ ಸಲಾಕೆ ಸವೆದು, ಸೂಜಿ ಅಡ್ಡಾದಿಡ್ಡಿ ಬೀಳುತ್ತಿತ್ತು. ಹಳೆಯ ಕಾಲದ ಮಷಿನ್, ಈಗ ಅದರ ಭಾಗ ಸಿಗುವುದಿಲ್ಲ, ಹುಮನಾಬಾದಿನ ಲೇಥ್ ಅಂಗಡಿಯಲ್ಲಿ ಹೊಸದು ಮಾಡಿಸಿಕೊಂಡು ಬನ್ನಿ ಎಂದು ರಿಪೇರಿಯವರು ಕೈಚೆಲ್ಲಿದರು. ನಾನೇ ಬಸ್ಸು ಹತ್ತಿ ಹೋದೆ. ಹೆದ್ದಾರಿಯ ಪಕ್ಕ ತಗಡಿನ ಶೆಡ್ಡು. ಒಳಗಿದ್ದ ಮನುಷ್ಯ ಒಂದು ಕಬ್ಬಿಣದ ಸಲಾಕೆಯನ್ನು ಮಷಿನ್ನಿನ ಬಾಯಿಗೆ ಕಚ್ಚಿಸಿ ಗುಂಡಿ ಒತ್ತಿದ. ಸಲಾಕೆ ಗರಗರ ತಿರುಗತೊಡಗಿತು. ಚೂಪಾದ ಟೂಲನ್ನು ಅದಕ್ಕೆ ತಾಗಿಸಿದ್ದೇ ತಡ, ಕಬ್ಬಿಣದ ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು ಬಂತು, ಸೌತೆಕಾಯಿ ಹೆರೆದಷ್ಟೇ ಸಲೀಸಾಗಿ. ಯವ್ವಾ! ಕಬ್ಬಿಣವೆಂದರೆ ಕಾಯಿಸಿ ಬಡಿಯುವ ವಸ್ತು ಎಂದಷ್ಟೇ ತಿಳಿದವಳು ನಾನು. ಅದನ್ನೂ ಬಟ್ಟೆಯ ಹಾಗೆ ಅಳತೆ ಹಾಕಿ ಕತ್ತರಿಸಬಹುದೆಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ. ನನ್ನ ಸಲಾಕೆ ತಯಾರಾಗಿ ಕೈಗೆ ಬಂದ ಮೇಲೂ ಕಾಲು ಅಲ್ಲಿಂದ ಏಳಲಿಲ್ಲ.

"ಅಣ್ಣಾ, ಇದು ನಂಗ ಕಲಿಸ್ತೀರೇನ್ರಿ?" ಎಂದು ಕೇಳಿಯೇಬಿಟ್ಟೆ.

ಆತ ನನ್ನ ಸೀರೆಯ ಸೆರಗು ನೋಡಿ ನಕ್ಕ. "ಅಕ್ಕಾ, ಆ ಸೆರಗು ಇದ್ರಾಗ ಸಿಕ್ಕೊಂಡ್ರ ಕೈ ಸಮೇತ ಒಳಗ ಎಳಕೊಂಡು ಹೋಗ್ತದ. ಖರೇನೇ ಕಲೀಬೇಕಂದ್ರ ಸಮುದಾಯ ಕಾಲೇಜಿಗಿ ಹೋಗ್ರಿ. ಅಲ್ಲಿ ವಯಸ್ಸು ಕೇಳಂಗಿಲ್ಲ."

ಆತ ಚೇಷ್ಟೆಗೆ ಹೇಳಿದನೋ ಏನೋ. ನಾನು ಮಾತ್ರ ಮನೆಗೆ ಹೋಗುವ ಬಸ್ಸು ಬಿಟ್ಟು, ದಾರಿ ಕೇಳುತ್ತ ಕೇಳುತ್ತ ಆ ಕಾಲೇಜಿಗೇ ಹೋಗಿ ಹೆಸರು ಬರೆಸಿ ಬಂದೆ.

ನನ್ನ ಗಂಡನದು ಕಿರಾಣಿ ಅಂಗಡಿ. ರಾತ್ರಿ ಊಟಕ್ಕೆ ಬಡಿಸುತ್ತ ವಿಷಯ ಹೇಳಿದಾಗ ರೊಟ್ಟಿ ಮುರಿಯುತ್ತಿದ್ದ ಕೈ ಅಲ್ಲೇ ನಿಂತಿತು.

"ಅಂದ್ರ, ಇನ್ ಮ್ಯಾಲೆ ಕಬ್ಬಿಣದ ಬ್ಲೌಸ್ ಹೊಲೀತೀಯೇನು?"

"ಹೌದ್ರಿ. ಮೊದಲ್ನೇದು ನಿಮಗೇ," ಅಂದೆ.

ಅವರು ನಕ್ಕರು. ಮರುದಿನ ತಾವಾಗಿಯೇ ಎರಡು ಹಳೆಯ ಅಂಗಿ ತೆಗೆದಿಟ್ಟರು. ಅವುಗಳ ತೋಳು ಕತ್ತರಿಸಿ, ಸೊಂಟ ಹಿಡಿದು, ಚೂಡಿದಾರದ ಮೇಲೆ ಹಾಕಿಕೊಳ್ಳಲು ಸರಿಮಾಡಿಕೊಂಡೆ. ಮದುವೆಯಾದ ಮೇಲೆ ಸೀರೆ ಬಿಟ್ಟು ಹೊರಗೆ ಹೋಗಿದ್ದು ಅದೇ ಮೊದಲು. ಓಣಿಯ ತುದಿ ದಾಟುವವರೆಗೆ ಬೆನ್ನ ಮೇಲೆ ಎಷ್ಟು ಕಣ್ಣು ನೆಟ್ಟವೋ! ಸಸ್ತಾಪುರ ಬಂಗ್ಲಾ ದಾಟಿ ಬಸ್ಸು ಹೆದ್ದಾರಿಗೆ ಬಿದ್ದ ಮೇಲೆ ಪಕ್ಕದ ಹೆಂಗಸು ನನ್ನ ಚೀಲ ನೋಡಿ, "ನೌಕರಿ ಏನ್ರಿ?" ಎಂದಳು.

"ಇಲ್ರಿ, ಸಾಲಿಗಿ ಹೊಂಟೀನಿ."

"ಮಕ್ಕಳ ಸಾಲಿಗೇನ್ರಿ?"

"ನಂದೇ ಸಾಲಿ," ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಿಟಕಿಯ ಕಡೆ ಮುಖ ತಿರುಗಿಸಿದಳು.

ಕಾಲೇಜಿನ ವರ್ಕ್‌ಶಾಪಿನೊಳಗೆ ಕಾಲಿಟ್ಟಾಗ ಮೂಗಿಗೆ ಬಡಿದ ಎಣ್ಣೆ ಮತ್ತು ಬಿಸಿ ಕಬ್ಬಿಣದ ವಾಸನೆ ನನಗೆ ಅವತ್ತೇ ಹಿಡಿಸಿತು. ಸಾಲಾಗಿ ನಿಂತ ಲೇಥುಗಳು, ನೆಲದ ಮೇಲೆ ಹಳದಿ ಗೆರೆ, ಗೆರೆಯಾಚೆ ಬೂಟು ಹಾಕದವರಿಗೆ ಪ್ರವೇಶವಿಲ್ಲ. ಕಲಿಯಲು ಬಂದವರಲ್ಲಿ ಹೆಚ್ಚಿನವರು ಹುಡುಗರು. ಕಲಿಸುವ ಮಾಸ್ತರು ಚಿಟಗುಪ್ಪದವರು. ಹೈದರಾಬಾದಿನ ಕಾರ್ಖಾನೆಗಳಲ್ಲಿ ದುಡಿದು, ವಯಸ್ಸಾದ ಮೇಲೆ ಊರಿಗೆ ಮರಳಿದವರು. ತಲೆ ಪೂರ್ತಿ ಬೋಳು. ಹೆಣ್ಣುಮಕ್ಕಳನ್ನೆಲ್ಲ ತಂಗಿ ಅನ್ನುತ್ತಿದ್ದರು, ಬೈಯುವಾಗಲೂ ತಂಗಿಯೇ.

ಮೊದಲ ಪಾಠಕ್ಕೆ ಅವರು ಮೈಕ್ರೋಮೀಟರ್ ಎಂಬ ಅಳತೆಯ ಸಾಧನ ಕೊಟ್ಟು, "ಎಲ್ಲಾರೂ ತಲ್ಯಾಗಿಂದು ಒಂದೊಂದು ಕೂದಲ ಕೀಳ್ರಿ," ಎಂದರು. ಕಿತ್ತೆವು. ಸಾಧನದ ಎರಡು ದವಡೆಗಳ ನಡುವೆ ಕೂದಲು ಹಿಡಿದು ಹಿಡಿಕೆ ತಿರುಗಿಸಿದರೆ ಕಟಕಟ ಸದ್ದು ಬಂದು ನಿಲ್ಲುತ್ತದೆ. ನನ್ನ ಕೂದಲು ಎಪ್ಪತ್ತು ಮೈಕ್ರಾನ್ ಬಂತು, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎಪ್ಪತ್ತು ಪಾಲು. "ಈಗ ತಿಳ್ಕೋರಿ," ಎಂದರು ಮಾಸ್ತರು, "ನೀವು ಮಾಡೋ ಕೆಲಸದಾಗ ಇಷ್ಟು ತಪ್ಪಾದ್ರ ಅದು ಕಸ. ಇದರ ನಾಕನೇ ಒಂದು ಪಾಲು ತಪ್ಪಾದ್ರೂ ನಾ ಬೈತೀನಿ." ನನಗೆ ಬಾಯಿ ತಡೆಯಲಿಲ್ಲ. "ಸರ್, ನಿಮ್ಮದೂ ಒಂದು ಅಳೀಲಿ ಏನ್ರಿ?" ಅಂದುಬಿಟ್ಟೆ. ವರ್ಕ್‌ಶಾಪ್ ಗೊಳ್ಳೆಂದಿತು. ಮಾಸ್ತರು ತಮ್ಮ ಬೋಳು ತಲೆ ಸವರಿಕೊಂಡು, "ಈ ತಂಗಿ ಕಲೀತಾಳ, ಇಲ್ಲಾ ನನ್ನ ಜೀವಾ ತಿಂತಾಳ," ಎಂದರು.

ಎರಡನ್ನೂ ಮಾಡಿದೆ. ಅಯ್ಯೋ, ಆ ದಿನಗಳ ಹುರುಪು ಏನು ಹೇಳಲಿ! ಬೆಳಗ್ಗೆ ಏಳುವಾಗಲೇ ಇವತ್ತು ಯಾವ ಟೂಲು, ಯಾವ ಕಟಿಂಗು ಎಂದು ತಲೆಯಲ್ಲಿ ಓಡುತ್ತಿತ್ತು. ಮನೆಯ ಚಮಚ, ಲೋಟ, ಬಾಗಿಲ ಅಗುಳಿ ಯಾವುದನ್ನು ಕಂಡರೂ ಇದನ್ನು ಹ್ಯಾಗೆ ತಿರುಗಿಸಿ ಮಾಡಿದರೋ ಎಂದು ನೋಡುತ್ತ ನಿಲ್ಲುತ್ತಿದ್ದೆ. ಒಂದು ದಿನ ಸಾರು ಉಕ್ಕಿ ಒಲೆ ಆರಿದರೂ ಕೈಯಲ್ಲಿ ಸೌಟು ತಿರುಗಿಸುತ್ತ ನಿಂತಿದ್ದೆನಂತೆ. ಅದನ್ನೂ ನನ್ನ ಗಂಡ ಊರಿಗೆಲ್ಲ ಹೇಳಿದ್ದಾರೆ.

ಆದರೆ ನನ್ನೊಳಗೆ ಒಬ್ಬ ದರ್ಜಿ ಕೂತಿದ್ದಳಲ್ಲ, ಅವಳು ಎದ್ದು ಹೋಗಲು ತಯಾರಿರಲಿಲ್ಲ.

ನಮ್ಮ ಕಡೆ ಬ್ಲೌಸು ಹೊಲಿಯುವಾಗ ಒಳಗೆ ಒಂದಷ್ಟು ಬಟ್ಟೆ ಬಿಟ್ಟೇ ಹೊಲಿಯಬೇಕು. ಅದಕ್ಕೆ ಮಾರ್ಜಿನ್ ಅನ್ನುತ್ತೇವೆ. "ಮುಂದ ಬಾಣಂತಿ ಆದ್ರ ಬಿಚ್ಚಾಕ ಬರ್ಬೇಕು, ಮಾರ್ಜಿನ್ ಜರಾ ಜಾಸ್ತಿನೇ ಬಿಡ್ರಿ" ಎಂದು ಹೇಳದ ಗಿರಾಕಿಯೇ ಇಲ್ಲ. ಮದುಮಗಳ ಬ್ಲೌಸು ಮೂರು ಹೆರಿಗೆ ದಾಟಿ ಬಾಳಬೇಕು. ಕತ್ತರಿ ಹಿಡಿದಾಗ ಗೆರೆಯ ಮೇಲೆ ಕತ್ತರಿಸದೆ ಗೆರೆಯ ಹೊರಗೆ ಕತ್ತರಿಸುವುದು ನನ್ನ ಕೈಗೆ ಕೂತುಬಿಟ್ಟಿತ್ತು. ಕಡಿಮೆಯಾದರೆ ಮತ್ತೆ ತರುವುದು ಎಲ್ಲಿಂದ? ಲೇಥಿನ ಮುಂದೆ ನಿಂತರೂ ಅದೇ ಕೈ. ಕೊನೆಯ ಕಟಿಂಗು ಬಂದಾಗ, ಇನ್ನು ಸ್ವಲ್ಪ ಇರಲಿ, ಆಮೇಲೆ ತೆಗೆದರಾಯಿತು ಎಂದು ತಾನಾಗಿ ಹಿಂದೆ ಸರಿಯುತ್ತಿತ್ತು. ನಾನು ಮಾಡಿದ್ದೆಲ್ಲ ಒಂದು ಎಳೆ ದಪ್ಪ.

ಮಾಸ್ತರು ಅಳೆದು ನೋಡಿ ಹಣೆ ಚಚ್ಚಿಕೊಂಡರು. "ತಂಗೀ, ಇದು ಯಾಕ ದಪ್ಪ ಅದ?"

"ಜರಾ ಮಾರ್ಜಿನ್ ಬಿಟ್ಟೀನ್ರಿ ಸರ್."

"ಮಾರ್ಜಿನ್? ಕಬ್ಬಿಣ ಬಸರಾಗ್ತದೇನು? ಬಾಣಂತಿ ಆಗ್ತದೇನು? ನಾಳಿ ಬಿಚ್ಚಿ ಹೊಲೀತೀಯೇನು?"

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ನನ್ನ ಹೆಸರೇ ಮಾರ್ಜಿನ್ ಅಕ್ಕ ಎಂದಾಯಿತು. ಸಿಟ್ಟು ಬಂತು, ಬಹಳ ಬಂತು. ನಗುವವರ ಕಡೆ ತಿರುಗಿ, "ನಿಮ್ಮ ಅಂಗಿ ಹರದಾಗ ಬರ್ರಿ ನನ್ನ ಹಂತ್ಯಾಕ, ಆವಾಗ ತಿಳೀತದ ಮಾರ್ಜಿನ್ ಅಂದ್ರ ಏನು ಅಂತ," ಎಂದು ಗದರಿದೆ. ಅದಕ್ಕೂ ನಕ್ಕರು.

ನಗದೆ ಇದ್ದವಳು ಒಬ್ಬಳೇ. ದುಬಲಗುಂಡಿಯ ಹುಡುಗಿ, ಆಗಷ್ಟೇ ಇಪ್ಪತ್ತು ದಾಟಿದವಳು. ಮಾತು ಕಡಿಮೆ. ಜಡೆಯನ್ನು ಗಂಟು ಹಾಕಿ ಟೋಪಿಯೊಳಗೆ ತುರುಕಿ ಮಷಿನ್ ಮುಂದೆ ನಿಂತಳೆಂದರೆ ಕರೆದರೂ ಕೇಳುತ್ತಿರಲಿಲ್ಲ. ಕಬ್ಬಿಣದೊಳಗೆ ರಂಧ್ರ ಕೊರೆಯುವುದರಲ್ಲಿ ಅವಳನ್ನು ಮೀರಿಸಿದವರು ನಮ್ಮಲ್ಲಿ ಇರಲಿಲ್ಲ. ಹೊರಗಿನ ಮೈ ಕತ್ತರಿಸುವಾಗ ಟೂಲು ಕಣ್ಣಿಗೆ ಕಾಣುತ್ತದೆ. ಒಳಗೆ ಕೊರೆಯುವಾಗ ಕಾಣುವುದಿಲ್ಲ, ಸದ್ದು ಕೇಳಿಯೇ ತಿಳಿಯಬೇಕು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಊಟದ ಹೊತ್ತಿಗೆ ನನ್ನ ಡಬ್ಬಿಯ ಪುಂಡಿಪಲ್ಯ ಅವಳಿಗೆ, ಅವಳ ಡಬ್ಬಿಯ ಶೇಂಗಾ ಚಟ್ನಿ ನನಗೆ. ಅಕ್ಕಾ ಅಕ್ಕಾ ಎಂದು ಹಚ್ಚಿಕೊಂಡಳು.

ಕೋರ್ಸು ಮುಗಿಯುವ ಹೊತ್ತಿಗೆ ಮಾಸ್ತರು ಎಲ್ಲರನ್ನೂ ಹಳದಿ ಗೆರೆಯ ಬಳಿ ನಿಲ್ಲಿಸಿ ಸುದ್ದಿ ಹೇಳಿದರು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯವರು ಬಂದು ಪರೀಕ್ಷೆ ಮಾಡುತ್ತಾರೆ, ಪಾಸಾದವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಕಂಪ್ಯೂಟರ್ ನಡೆಸುವ ದೊಡ್ಡ ಮಷಿನ್ ಕೈಗೆ ಕೊಡುತ್ತಾರೆ. ಗಾಜಿನ ಬಾಗಿಲ ಹಿಂದೆ ತಾನೇ ಟೂಲು ಬದಲಿಸಿಕೊಂಡು ಓಡುವ ಆ ಮಷಿನ್ನನ್ನು ನಾವು ಮೊಬೈಲಿನಲ್ಲಿ ಮಾತ್ರ ನೋಡಿ ಬಾಯಿ ಬಿಟ್ಟಿದ್ದೆವು. ನನ್ನ ಕೈಕಾಲು ನಿಲ್ಲಲಿಲ್ಲ.

"ಆದ್ರ ಪರೀಕ್ಷೆ ಜೋಡಿ ಮ್ಯಾಲೆ," ಎಂದರು ಮಾಸ್ತರು. ಒಬ್ಬರು ಶಾಫ್ಟು, ಅಂದರೆ ಗುಂಡನೆಯ ಸಲಾಕೆ ಮಾಡಬೇಕು. ಇನ್ನೊಬ್ಬರು ಬುಷ್ಷು, ಅಂದರೆ ಆ ಸಲಾಕೆ ಕೂರುವ ಬಳೆಯಂಥ ತುಂಡು ಕೊರೆಯಬೇಕು. ಬುಷ್ಷಿನ ಬಾಯಿಗೆ ಶಾಫ್ಟು ಇಟ್ಟು ಕೈಬಿಟ್ಟರೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯಬೇಕು. ದೂಡಬೇಕಾದರೆ ನಪಾಸು. ದೊಪ್ಪನೆ ಬಿದ್ದರೂ ನಪಾಸು. "ಕಾರ್ಖಾನ್ಯಾಗ ನೀ ಮಾಡಿದ್ದು ಇನ್ನೊಬ್ಬರು ಮಾಡಿದ್ದರ ಸಂಗಾಟ ಕೂಡಬೇಕು. ಒಬ್ಬರು ತಪ್ಪಿದ್ರ ಇಬ್ಬರೂ ಹೊರಗ." ಯಾರ ಜೊತೆ ಯಾರು ಎಂದು ಅವರು ಕೇಳುವ ಮೊದಲೇ ದುಬಲಗುಂಡಿಯ ಹುಡುಗಿ ಬಂದು ನನ್ನ ಪಕ್ಕ ನಿಂತಳು. ಮಾರ್ಜಿನ್ ಅಕ್ಕನ ಪಕ್ಕ! ನಾಕು ಜನ ಬೇಡವೆಂದು ಸನ್ನೆ ಮಾಡಿದರೂ ಕದಲಲಿಲ್ಲ.

ಮೊದಲ ಅಭ್ಯಾಸದಲ್ಲೇ ನಾನು ಅವಳ ಮರ್ಯಾದೆ ಕಳೆದೆ. ಅವಳ ಬುಷ್ಷು ಕನ್ನಡಿ, ನನ್ನ ಶಾಫ್ಟು ಅದರ ಬಾಯಿಗೇ ಸಿಕ್ಕಿಕೊಂಡು ನಿಂತಿತು. ಒಂದು ಎಳೆ ದಪ್ಪ. ಸಿಟ್ಟಿಗೆದ್ದು ಮತ್ತೆ ಮಷಿನ್ನಿಗೆ ಕಚ್ಚಿಸಿ ಒಂದೇ ಸಲ ಕೆತ್ತಿದೆ. ಈಗ ಲೊಡಲೊಡ ಅಲ್ಲಾಡತೊಡಗಿತು. ಮಾಸ್ತರು ಶಾಫ್ಟನ್ನು ಕೈಯಲ್ಲಿ ಹಿಡಿದು ತಟಕ್ಕನೆ ನನ್ನ ಅಂಗೈಗೆ ಇಟ್ಟರು. ಬಿಸಿ! "ಬಿಸಿ ಇದ್ದಾಗ ಕಬ್ಬಿಣ ಉಬ್ಬಿರ್ತದ ತಂಗಿ. ಬಿಸಿ ಇದ್ದಾಗ ಅಳದು ಕೊರದಿ, ಆರಿದ ಮ್ಯಾಲೆ ಇನ್ನೂ ಸಣ್ಣಾಗ್ತದ. ನಿನಗ ಎರಡು ರೋಗ ಅವ. ಒಂದು ಅಂಜಿ ಬಿಡತೀದಿ, ಇಲ್ಲಾ ಸಿಟ್ಟಿಗೆದ್ದು ಕೊರೀತೀದಿ. ನಡಕಿಂದು ಕಲಿ." ಹುಡುಗಿ ಅವತ್ತು ಶೇಂಗಾ ಚಟ್ನಿ ಕೊಡುವುದನ್ನು ಮರೆತಳು.

ಆಮೇಲೆ ದಿನಾ ಅಭ್ಯಾಸ. ಕೆಲವು ಸಲ ಕೂಡಿತು, ಕೆಲವು ಸಲ ಕೂಡಲಿಲ್ಲ. ಕೂಡಿದ ದಿನ ಬಸ್ಸಿನಲ್ಲಿ ನಿಂತುಕೊಂಡೇ ಬಸವಕಲ್ಯಾಣ ಮುಟ್ಟಿದರೂ ದಣಿವು ತಿಳಿಯುತ್ತಿರಲಿಲ್ಲ.

ಪರೀಕ್ಷೆಗೆ ಇನ್ನೇನು ಎರಡು ದಿನ ಇದೆ ಅನ್ನುವಾಗ ಹುಡುಗಿ ಡಬ್ಬಿ ತೆರೆದು ಹಾಗೇ ಕೂತಿದ್ದಳು. ಏನೆಂದು ಕೇಳಿದೆ.

"ನನ್ನ ನೋಡಾಕ ಪಾವಣ್ಯಾರು ಬರಾಕತ್ಯಾರ ಅಕ್ಕಾ. ಪರೀಕ್ಷೆ ದಿನಾನೇ."

ಗಂಡಿನ ಕಡೆಯವರು. ಹುಡುಗನಿಗೆ ಪುಣೆಯಲ್ಲಿ ಕೆಲಸ, ರಜೆ ಸಿಗುವುದು ಆ ದಿನ ಮಾತ್ರ. ಮದುವೆಯಾದರೆ ಪುಣೆಗೇ ಕರೆದುಕೊಂಡು ಹೋಗುತ್ತಾರೆ. ತಂದೆ ಇಲ್ಲದ ಮನೆ. ಅವ್ವ ಮತ್ತು ಅಣ್ಣ. ಅಣ್ಣ ಸ್ವಲ್ಪ ಹೊಲ ಮಾಡಿಕೊಂಡು, ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುವವನು. ಕೋರ್ಸಿಗೆ ಸೇರಲು ಒಪ್ಪಿದ್ದೂ ಅವನೇ. ಮದುವೆ ಮಾತು ಬಂದಾಗಲೆಲ್ಲ "ನೌಕರಿ ಸಿಕ್ರ ನೋಡೂಣು" ಎಂದು ಮುಂದೂಡುತ್ತಿದ್ದನಂತೆ. ಈಗ ಆ ಮಾತು ಹೇಳುವುದನ್ನೂ ಬಿಟ್ಟಿದ್ದ.

"ನಿಂಗ ಏನು ಬೇಕು? ಬಾಯಿ ಬಿಟ್ಟು ಹೇಳು," ಅಂದೆ.

"ನಂಗ ಆ ಗಾಜಿನ ಬಾಗಲದ ಮಷಿನ್ ಬೇಕು," ಎಂದಳು. ಹೇಳುವಾಗ ಕಣ್ಣು ತುಂಬಿತ್ತು. "ಅಣ್ಣಗ ಹೇಳಾಕ ಧೈರ್ಯ ಆಗವಲ್ದು. ನೌಕರಿ ಕೈಯಾಗಿದ್ರ ಹೇಳಾಕ ಒಂದು ಮಾತರ ಇರ್ತದ. ಇಲ್ಲಂದ್ರ ಏನಂತ ಹೇಳ್ಲಿ ಅಕ್ಕಾ?"

ನನ್ನ ಪಾಡಿಗೆ ನಾನು ನಪಾಸಾದರೆ ಮನೆಗೆ ಹೋಗಿ ಬ್ಲೌಸು ಹೊಲಿದೇನು, ನಾಕು ದಿನ ಗಂಡನ ಚೇಷ್ಟೆ ಕೇಳಿಯೇನು. ಇವಳ ಪಾಡೇನು? ನನ್ನ ಕೈ ಒಂದು ಎಳೆ ಹಿಂದೆ ಸರಿದರೆ ಇವಳು ಪುಣೆಯ ಬಸ್ಸು ಹತ್ತುತ್ತಾಳೆ. ಅವತ್ತು ಮನೆಗೆ ಹೋದವಳೇ, ಹೊಲಿಯಲು ಕೊಟ್ಟಿದ್ದವರ ಬಟ್ಟೆಗಳನ್ನೆಲ್ಲ ಕಟ್ಟಿ ಕಪಾಟಿನೊಳಗೆ ತಳ್ಳಿದೆ. ಪರೀಕ್ಷೆ ಮುಗಿಯುವವರೆಗೆ ಕತ್ತರಿ ಮುಟ್ಟುವುದಿಲ್ಲ ಎಂದು ಗಂಡನಿಗೆ ಹೇಳಿದೆ. ಅವರು ಈ ಸಲ ನಗಲಿಲ್ಲ. "ಆಗ್ತದ ತಗೋ," ಎಂದರು.

ಪರೀಕ್ಷೆಯ ದಿನ ಹುಡುಗಿ ಮನೆಯಲ್ಲಿ ಮಧ್ಯಾಹ್ನದೊಳಗೆ ಬರುತ್ತೇನೆ ಎಂದು ಹೇಳಿ ಮೊದಲ ಬಸ್ಸಿಗೇ ಬಂದಿದ್ದಳು. ಕಾರ್ಖಾನೆಯಿಂದ ಬಂದವರು ಒಬ್ಬ ಮೇಡಂ. ಕನ್ನಡಕ, ಕಾಲಲ್ಲಿ ನಮ್ಮ ಹಾಗೆಯೇ ದಪ್ಪ ಬೂಟು. ಹೆಣ್ಣುಮಗಳೊಬ್ಬಳು ಕಾರ್ಖಾನೆಯಿಂದ ಪರೀಕ್ಷೆ ಮಾಡಲು ಬಂದಿದ್ದು ನೋಡಿಯೇ ನನಗೆ ಅರ್ಧ ಪಾಸಾದಷ್ಟು ಖುಷಿಯಾಯಿತು. ಎಲ್ಲರೂ ತಮ್ಮ ತಮ್ಮ ಮಷಿನ್ ಮುಂದೆ ನಿಂತೆವು. ಗಂಟೆ ಬಾರಿಸಿದರು.

ಹುಡುಗಿಯ ಬುಷ್ಷು ಬೇಗ ಮುಗಿಯಿತು. ಒರೆಸಿ, ಅಳೆದು, ನನ್ನ ಪಕ್ಕ ಬಂದು ನಿಂತಳು. ನನ್ನದು ಕೊನೆಯ ಎರಡು ಕಟಿಂಗುಗಳ ಹತ್ತಿರ ಬಂದಿತ್ತು. ಅಷ್ಟರಲ್ಲಿ ಹೊರಗೆ ಮೋಟರ್ ಸೈಕಲ್ ನಿಂತ ಸದ್ದು ಕೇಳಿಸಿತು. ಅವಳ ಮುಖ ನೋಡಿದ ಕೂಡಲೇ ಬಂದವನು ಯಾರೆಂದು ತಿಳಿಯಿತು.

ಅಣ್ಣ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾವಣ್ಯಾರಿಗೆಂದು ಹಾಕಿಕೊಂಡದ್ದು. "ಏ ತಂಗಿ, ನಡಿ ಜಲ್ದಿ. ಪಾವಣ್ಯಾರು ಬಂದು ಕುಂತಾರ. ಫೋನ್ ಯಾಕ ಎತ್ತವಲ್ಲಿ?"

"ಇನ್ನ ಜರಾ ಅದ ಅಣ್ಣಾ."

"ಜರಾ ಇಲ್ಲ ಏನಿಲ್ಲ. ಮಂದಿ ದೂರಿಂದ ಬಂದಾರ, ನಡಿ." ಅವನು ಒಳಗೆ ಬರಲು ಕಾಲು ಎತ್ತಿದ.

"ಓ ಸಾಹೇಬ್ರ!" ಮಾಸ್ತರ ದನಿಗೆ ಚಾವಣಿಯ ತಗಡು ನಡುಗಿತು. "ಹಳದಿ ಗೆರಿ ಹೊರಗ ನಿಂದರ್ರಿ. ಚಪ್ಪಲ್ ಮ್ಯಾಲೆ ಒಳಗ ಬಂದ್ರ ಬೆರಳು ಹೋಗ್ತಾವ." ಅವನು ಗೆರೆಯ ಹೊರಗೆ ನಿಂತ. ನಿಂತಲ್ಲಿಂದಲೇ ಗಡಿಯಾರ ನೋಡಿಕೊಳ್ಳುತ್ತ, "ಲಗೂ ಮಾಡ್ರಿ ಅಕ್ಕಾ, ನಿಮಗ ಕೈ ಮುಗೀತೀನಿ," ಎಂದು ನನಗೇ ಅಂದ.

ನಾನು ಮಷಿನ್ ನಿಲ್ಲಿಸಿ ಶಾಫ್ಟು ಅಳೆದೆ. ದಪ್ಪ! ಇರಬೇಕಾದದ್ದಕ್ಕಿಂತ ಒಂದು ಎಳೆ ದಪ್ಪ. ಮತ್ತೆ ಮಾರ್ಜಿನ್ ಬಿಟ್ಟೆನಲ್ಲ ದೇವರೇ, ಈ ಕೈಗೆ ಬೆಂಕಿ ಬೀಳ! ಅತ್ತ ಅಣ್ಣ ಉಸಿರು ಬಿಡುತ್ತಿದ್ದಾನೆ, ಇತ್ತ ಹುಡುಗಿ ಬುಷ್ಷನ್ನು ಎರಡೂ ಕೈಯಲ್ಲಿ ಅದುಮಿಕೊಂಡು ನಿಂತಿದ್ದಾಳೆ. ಸಿಟ್ಟು ಉಕ್ಕಿ ನೆತ್ತಿಗೇರಿತು. ಅಷ್ಟನ್ನೂ ಒಂದೇ ಸಲ ಕೆತ್ತಿ ಎಸೆಯುತ್ತೇನೆ ಎಂದು ಹಿಡಿಕೆಗೆ ಕೈ ಹಾಕಿದೆ. ಹಾಕುವಾಗ ಮೊಣಕೈ ಶಾಫ್ಟಿಗೆ ತಗುಲಿತು. ಚುರ್ ಎಂದಿತು.

ಕೈ ತೆಗೆದೆ. ಮಷಿನ್ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿಕೊಂಡು ನಿಂತುಬಿಟ್ಟೆ.

"ಯಾಕ ನಿಂತ್ರಿ?" ಗೆರೆಯಾಚೆಯಿಂದ ಅಣ್ಣ ಕೂಗಿದ.

"ಆರಬೇಕು," ಅಂದೆ.

"ಏನು ಆರಬೇಕು? ಅಲ್ಲಿ ಪಾವಣ್ಯಾರ ಚಾ ಆರಾಕತ್ತದ!"

"ಆರಲಿ ಬಿಡ್ರಿ! ಚಾ ಮತ್ತ ಕಾಸಾಕ ಬರ್ತದ. ಇದನ್ನ ಒಮ್ಮೆ ಕೊರದ್ರ ಮತ್ತ ಹಚ್ಚಾಕ ಬರಂಗಿಲ್ಲ," ಎಂದು ನಾನೂ ಕೂಗಿದೆ. ಮೇಡಂ ತಲೆ ಎತ್ತಿ ನೋಡಿದರು. ಮಾಸ್ತರು ಬೇರೆ ಕಡೆ ಮುಖ ತಿರುಗಿಸಿದರು, ಆದರೆ ಅವರ ಹೆಗಲು ನಗುತ್ತಿತ್ತು.

ಆ ಕಾಯುವಿಕೆ! ಬದುಕಿನಲ್ಲಿ ನಾನು ಯಾವುದಕ್ಕೂ ಹಾಗೆ ಕಾದವಳಲ್ಲ. ಸುತ್ತ ಎಲ್ಲರ ಮಷಿನ್ನೂ ಓಡುತ್ತಿವೆ, ನನ್ನದೊಂದು ಸುಮ್ಮನಿದೆ. ಹುಡುಗಿ ಅವಸರ ಮಾಡಲಿಲ್ಲ, ತನ್ನ ಬುಷ್ಷನ್ನು ನನ್ನ ಶಾಫ್ಟಿನ ಪಕ್ಕ ಇಟ್ಟಳು. ಎರಡೂ ಒಂದೇ ಗಾಳಿಯಲ್ಲಿ ಆರಲಿ ಎಂದು. ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗೆ. ಮತ್ತೆ ಕಾದೆ. ಕೊನೆಗೆ ಮುಟ್ಟಿದರೆ ತಣ್ಣಗಿತ್ತು. ಅಳೆದೆ. ದಪ್ಪ ಕಡಿಮೆಯಾಗಿತ್ತು, ಆದರೂ ಸ್ವಲ್ಪ ಉಳಿದಿತ್ತು. ಅಂದರೆ ಅರ್ಧ ಬಿಸಿ, ಅರ್ಧ ನನ್ನ ಹಳೆಯ ಮಾರ್ಜಿನ್ನು. ಮೊದಲೇ ಸಿಟ್ಟಿನಲ್ಲಿ ಕೊರೆದಿದ್ದರೆ ಲೊಡಲೊಡ ಆಗಿರುತ್ತಿತ್ತು. ಈಗ ಬಿಟ್ಟರೆ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ.

ಹಿಡಿಕೆ ಹಿಡಿದೆ. ಕೈ ಅಭ್ಯಾಸದಂತೆ ಹಿಂದೆ ಸರಿಯಲು ನೋಡಿತು. ಇಲ್ಲ, ಗೆರೆಯ ಮೇಲೆಯೇ, ಗೆರೆಯ ಮೇಲೆಯೇ, ಎಂದು ಗಟ್ಟಿಯಾಗಿ ಹೇಳಿಕೊಂಡು ತಿರುಗಿಸಿದೆ. ಟೂಲು ಹಾಯ್ದು ಹೋಯಿತು. ಸಿಪ್ಪೆ ಅನ್ನುವುದಕ್ಕೂ ಇಲ್ಲ, ಹೊಳೆಯುವ ಪುಡಿ ಮಾತ್ರ ಉದುರಿತು. ಮಷಿನ್ ನಿಲ್ಲಿಸಿ, ಒರೆಸಿ, ಶಾಫ್ಟನ್ನು ಹುಡುಗಿಯ ಕೈಗೆ ಕೊಟ್ಟೆ. ಅಳೆಯುವ ಧೈರ್ಯ ನನಗಿರಲಿಲ್ಲ.

ಮೇಡಂ ಬುಷ್ಷನ್ನು ಕಲ್ಲಿನ ಮೇಜಿನ ಮೇಲೆ ಇಟ್ಟು ಒಂದು ಹನಿ ಎಣ್ಣೆ ಬಿಟ್ಟರು. ಶಾಫ್ಟನ್ನು ಅದರ ಬಾಯಿಗೆ ನೆಟ್ಟಗೆ ಹಿಡಿದು ಬೆರಳು ಬಿಡಿಸಿದರು. ಶಾಫ್ಟು ನಿಂತಿತು. ನಿಂತೇ ಇತ್ತು. ನನ್ನ ಜೀವ ಹೋಯಿತು. ಆಮೇಲೆ, ಯವ್ವಾ, ಇಳಿಯತೊಡಗಿತು! ಯಾರೂ ಮುಟ್ಟದೆ, ಯಾರೂ ದೂಡದೆ, ಸುಸ್ ಎಂದು ಉಸಿರು ಬಿಡುತ್ತ, ನಿಧಾನಕ್ಕೆ, ತಳದವರೆಗೆ. ನಾನು ಹುಡುಗಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ. ಇಬ್ಬರೂ ಅಳುತ್ತಿದ್ದೆವೋ ನಗುತ್ತಿದ್ದೆವೋ ಗೊತ್ತಿಲ್ಲ. ಹುಡುಗರು ಮಾರ್ಜಿನ್ ಅಕ್ಕಾ ಎಂದು ಕೂಗಿ ಚಪ್ಪಾಳೆ ಹೊಡೆದರು.

"ಇಬ್ಬರೂ ಸೋಮವಾರದಿಂದ ಬನ್ನಿ," ಎಂದರು ಮೇಡಂ.

ಮಾಸ್ತರು ಒಂದು ಜೊತೆ ಬೂಟು ತಂದು ಅಣ್ಣನ ಮುಂದೆ ಇಟ್ಟರು. "ಹಾಕ್ಕೊಂಡು ಒಳಗ ಬರ್ರಿ. ನಿಮ್ಮ ತಂಗಿ ಏನು ಮಾಡ್ಯಾಳ ಅಂತ ನೋಡಾದ್ರ ನೋಡ್ರಿ."

ಅವನು ಬಂದ. ಬುಷ್ಷಿನಿಂದ ಶಾಫ್ಟು ಹೊರಗೆಳೆದು ಬೆಳಕಿಗೆ ಹಿಡಿದ. ಟ್ರ್ಯಾಕ್ಟರಿನವನಲ್ಲವೇ, ಬುಷ್ಷು ಹೊಸದಲ್ಲ ಅವನಿಗೆ. ಮತ್ತೆ ಬಾಯಿಗಿಟ್ಟು ಕೈಬಿಟ್ಟ. ಅದು ತಾನಾಗಿ ಇಳಿಯುವುದನ್ನು ಬಗ್ಗಿ ನೋಡಿದ. "ನಮ್ಮ ಟ್ರಾಲಿ ಬುಷ್ ಯಾರ ಹತ್ರ ಮಾಡಿಸಿದ್ರೂ ಎರಡು ದಿನಕ್ಕ ಕಡಕಡ ಅಂತದ," ಎಂದ. "ಇದು ನೀನೇ ಮಾಡಿದೇನು?"

"ಬುಷ್ ನಂದು. ಶಾಫ್ಟ್ ಅಕ್ಕಂದು."

"ಭಾರಿ ಆಗ್ಯಾದ," ಎಂದ. ಮುಖ ಅರಳಿತ್ತು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಮರುಗಳಿಗೆಗೇ ಅವನು ಗಾಡಿಯ ಕೀಲಿ ತೆಗೆದ. "ನೌಕರಿನೂ ಆತು ಅಂದ್ರ ಇನ್ನೂ ಚಲೋ ಆತು. ಪಾವಣ್ಯಾರಿಗಿ ಹೇಳೂಣು. ಪುಣೆದಾಗ ಇಂಥಾ ಕೆಲಸ ಬೇಕಾದಷ್ಟು ಸಿಗ್ತಾವ. ನಡಿ."

ನನಗೆ ಸಿಟ್ಟು ಬಂದು ಬಾಯಿ ತೆರೆದೇಬಿಟ್ಟಿದ್ದೆ. ಮಾಸ್ತರು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಬಾಯಿ ಮುಚ್ಚಿಕೊಂಡೆ.

ಹುಡುಗಿ ಅಲ್ಲೇ ನಿಂತಿದ್ದಳು. "ಅಣ್ಣಾ, ನಾ ಬರಂಗಿಲ್ಲ," ಎಂದಳು.

ಅವನು ತಿರುಗಿದ.

"ಪುಣೆಗೂ ಹೋಗಂಗಿಲ್ಲ. ಈಗೇ ಲಗ್ನ ಬ್ಯಾಡ ನಂಗ. ಸೋಮವಾರ ಕೆಲಸಕ್ಕ ಹೋಗ್ತೀನಿ." ಕಣ್ಣು ಕೆಳಗಿಳಿಯಲಿಲ್ಲ. "ಇವತ್ತು ಬಂದು ಅವರ ಮುಂದ ಕುಂತ್ರ, ನಾ ಹೂಂ ಅಂದಂಗೇ ಆಗ್ತದ."

ಅಣ್ಣ ಅವಳನ್ನೇ ನೋಡಿದ, ಮೊದಲ ಸಲ ನೋಡುತ್ತಿರುವವನಂತೆ. ಟೋಪಿ, ಎಣ್ಣೆ ಮೆತ್ತಿದ ಕೈ, ಮೊಣಕೈವರೆಗೆ ಮಡಚಿದ ಅಂಗಿ. ಅದು ಅವನದೇ ಹಳೆಯ ಅಂಗಿ. ಮೇಜಿನ ಕಡೆ ಹೋಗಿ ಶಾಫ್ಟನ್ನು ಇನ್ನೊಮ್ಮೆ ಎತ್ತಿ ಬುಷ್ಷಿಗಿಟ್ಟು, ತಳ ಮುಟ್ಟುವವರೆಗೆ ಕಾದ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ತೆಗೆದು ಕಿವಿಗಿಟ್ಟ.

"ಹಾಂ ಅವ್ವಾ... ಇಲ್ಲ, ಬರಾಕತ್ತಿಲ್ಲ." ಆ ಕಡೆಯ ಮಾತು ನಮಗೂ ಕೇಳುವಷ್ಟು ಜೋರಾಗಿತ್ತು. ಅವನು ಫೋನು ಸ್ವಲ್ಪ ದೂರ ಹಿಡಿದು, ಮತ್ತೆ ಹತ್ತಿರ ತಂದ. "ಪಾವಣ್ಯಾರಿಗಿ ಇನ್ನೊಮ್ಮೆ ಚಾ ಕೊಟ್ಟು ಕಳಸು. ಹುಡುಗಿ ಎಲ್ಲಿ ಅಂತ ಕೇಳಿದ್ರ, ಕೆಲಸದ ಮ್ಯಾಲೆ ಅದಾಳ ಅಂತ ಹೇಳು."